ಪಕ್ಕಗಾಡಿಯ ಮೋಟಾರ್ ಸೈಕಲ್ಲಿಗೆ ಕಾರಿನ ಟಯರು: ಚಕ್ಕಡಿಯ ಗಾಲಿಯೊಡನೆ ಒಂದು ಹೋಲಿಕೆ

ಗಜೇಂದ್ರಗಡ ತಾಲ್ಲೂಕಿನ ಪುರ್ತಗೇರಿಯ ಸುತ್ತಿನಲ್ಲಾಗಲಿ, ರೋಣ ನರಗುಂದಗಳ ಎರೆಸೀಮೆಯಲ್ಲಾಗಲಿ ಚಕ್ಕಡಿಗಳನ್ನು ಗಮನವಿಟ್ಟು ನೋಡಿದವರಿಗೆ ಅವುಗಳಲ್ಲಿ ಎರಡು ಬಗೆಯುಂಟೆಂಬುದು ತಿಳಿದೇ ಇದೆ. ಮರದ ಗಾಲಿಯ ಸುತ್ತ ಕಬ್ಬಿಣದ ಹಳಿಯನ್ನು ಬಿಗಿದದ್ದು ಒಂದು ಬಗೆ. ಮೋಟಾರು ಗಾಡಿಯ ಹಳೆಯ ಗಾಲಿಗಳನ್ನು ಟಯರುಸಹಿತವಾಗಿ ತಂದು ಕಬ್ಬಿಣದ ಅಚ್ಚಿಗೆ ತೊಡಿಸಿದ್ದು ಇನ್ನೊಂದು ಬಗೆ. ಟ್ರ್ಯಾಕ್ಟರುಗಳು ಬಂದ ಮೇಲೆ ಎರಡೂ ವಿರಳವಾಗುತ್ತಿವೆ. ಆದರೂ ಒಂದು ವಾಹನಕ್ಕೆಂದು ನಿರ್ಮಿತವಾದ ಟಯರನ್ನು ಬೇರೊಂದು ಜಾತಿಯ ವಾಹನಕ್ಕೆ ಅಳವಡಿಸುವ ಪ್ರಯೋಗವೊಂದು ನಮ್ಮ ಬಡಿಗ ಕಮ್ಮಾರರ ಕೈಯಲ್ಲಿ, ಯಾವ ಪುಸ್ತಕದ ನೆರವೂ ಇಲ್ಲದೆ, ಸಫಲವಾಗಿದೆ ಎಂಬುದನ್ನು ನಾವು ಮರೆಯತಕ್ಕದ್ದಲ್ಲ.

ಇದಕ್ಕೆ ಬಹು ಹತ್ತಿರದ ಮತ್ತೊಂದು ಪ್ರಯೋಗವುಂಟು. ಪಕ್ಕಗಾಡಿಯನ್ನು, ಎಂದರೆ ಸೈಡ್‌ಕಾರನ್ನು, ಜೋಡಿಸಿದ ಮೋಟಾರ್ ಸೈಕಲ್ಲಿನ ರಿಮ್ಮಿಗೆ ಕಾರಿನ ಟಯರನ್ನು ಏರಿಸುವುದೇ ಅದು. ಪಾಶ್ಚಾತ್ಯ ದೇಶಗಳಲ್ಲಿ ಇದು ಬಹುಕಾಲದಿಂದ ನಡೆದು ಬಂದಿದೆ. ನಮ್ಮಲ್ಲಿಯೂ ಹಳೆಯ ಬುಲೆಟ್ಟು ಜಾವಾಗಳಿಗೆ ಪಕ್ಕಗಾಡಿಯನ್ನು ಕಟ್ಟಿಕೊಂಡವರು ಹಿಂದಿನ ಟಯರು ಬೇಗ ಸವೆಯುವುದನ್ನು ಕಂಡು ಇದೇ ಉಪಾಯವನ್ನು ಯೋಚಿಸುವುದುಂಟು. ಮೇಲ್ನೋಟಕ್ಕೆ ಇದು ಹವ್ಯಾಸಿಗಳ ವಿನೋದದಂತೆ ತೋರಬಹುದು. ಆದರೆ ಪಕ್ಕಗಾಡಿಯಲ್ಲಿ ಕೂಡುವವರು ಸಾಮಾನ್ಯವಾಗಿ ಮನೆಯ ಹೆಂಗಸರು, ಮಕ್ಕಳು, ಇಲ್ಲವೆ ನಡೆಯಲಾರದ ವೃದ್ಧರು. ತಿರುವಿನಲ್ಲಿ ಟಯರು ರಿಮ್ಮಿನಿಂದ ಕಳಚಿದರೆ ಅಪಾಯವೊದಗುವುದು ಚಾಲಕನೊಬ್ಬನಿಗೇ ಅಲ್ಲ. ಆದುದರಿಂದ ಈ ಪ್ರಶ್ನೆಯನ್ನು ಯಂತ್ರಶಾಸ್ತ್ರದ ಪ್ರಾಥಮಿಕ ತತ್ತ್ವಗಳ ಬೆಳಕಿನಲ್ಲಿ ಪರಿಶೀಲಿಸುವುದು ಉಚಿತ. ನಾವು ಮುಟ್ಟುವ ನಿರ್ಣಯವನ್ನು ಮೊದಲೇ ಹೇಳಿಬಿಡುವುದಾದರೆ: ಕಾರಿನ ಟಯರು ಪಕ್ಕಗಾಡಿಯ ವಾಹನಕ್ಕೆ ನಿಜವಾಗಿಯೂ ಯೋಗ್ಯವಾದದ್ದು, ಆದರೆ ಮೋಟಾರ್ ಸೈಕಲ್ಲಿನ ರಿಮ್ಮಿಗೆ ಯೋಗ್ಯವಾದದ್ದಲ್ಲ. ಈ ಎರಡು ಮಾತುಗಳ ನಡುವಣ ಭೇದವನ್ನು ಚಕ್ಕಡಿ ಕಟ್ಟುವವನು ಅರಿತಿದ್ದಾನೆ.

ವಾಲುವ ಗಾಲಿ, ವಾಲದ ಗಾಲಿ

ಮೋಟಾರ್ ಸೈಕಲ್ಲಿನ ಟಯರನ್ನು ಅಡ್ಡಲಾಗಿ ಕತ್ತರಿಸಿ ನೋಡಿದರೆ ಅದರ ನೆಲಮುಟ್ಟುವ ಭಾಗ ಕಮಾನಿನಂತೆ ಗುಂಡಾಗಿರುತ್ತದೆ. ಕಾರಿನದಾದರೋ ಬಹುಮಟ್ಟಿಗೆ ಚಪ್ಪಟೆ. ಈ ವ್ಯತ್ಯಾಸಕ್ಕೆ ಕಾರಣವಾವುದು? ಎರಡು ಗಾಲಿಯ ವಾಹನವು ತಿರುವಿನಲ್ಲಿ ವಾಲದೆ ತಿರುಗಲಾರದು. ಗಂಟೆಗೆ 36 ಕಿಲೋಮೀಟರ್, ಎಂದರೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ 30 ಮೀಟರ್ ತ್ರಿಜ್ಯದ ತಿರುವನ್ನು ಹಾಯುವ ಬಂಡಿಯ ಕೇಂದ್ರಾಭಿಮುಖ ವೇಗೋತ್ಕರ್ಷ, ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಲಾಗಿ, 3.3 ಮಾನದಷ್ಟಾಗುತ್ತದೆ. ಇದನ್ನು ಗುರುತ್ವದ 9.8ರೊಡನೆ ಹೋಲಿಸಿದರೆ ಸವಾರನು ಸುಮಾರು 19 ಡಿಗ್ರಿಗಳಷ್ಟು ಒಳಮಗ್ಗುಲಿಗೆ ವಾಲಬೇಕೆಂದು ತಿಳಿಯುತ್ತದೆ. ಹಾಗೆ ವಾಲಿದಾಗ ಭಾರ ಮತ್ತು ಪಕ್ಕದ ಒತ್ತು ಇವೆರಡರ ಫಲಿತ ಬಲವು ಗಾಲಿಯ ಸಮತಲದಲ್ಲಿಯೇ ಸಾಗುತ್ತದೆ. ಗಾಲಿಗೆ ತನ್ನ ಮೇಲೆ ಪಕ್ಕದಿಂದ ಯಾರಾದರೂ ಒತ್ತುತ್ತಿದ್ದಾರೆಂಬುದೇ ತಿಳಿಯದು. ಅದರ ಪಾಲಿಗೆ ಬಂಡಿ ತುಸು ಹೆಚ್ಚು ಭಾರವಾದಂತೆ, ಅಷ್ಟೆ. ಟಯರು ಗುಂಡಾಗಿರುವುದರಿಂದ ವಾಲಿದಾಗಲೂ ನೆಲವನ್ನು ಮುಟ್ಟುವ ಭಾಗ ಸಾಕಷ್ಟಿರುತ್ತದೆ. ಚಪ್ಪಟೆಯ ಟಯರಾಗಿದ್ದರೆ ಅದು ತನ್ನ ಅಂಚಿನ ಮೇಲೆ ಏರಿ ನಿಲ್ಲಬೇಕಾಗುತ್ತಿತ್ತು. ಪಕ್ಕಗಾಡಿಯಿಲ್ಲದ ಮೋಟಾರ್ ಸೈಕಲ್ಲಿಗೆ ಕಾರಿನ ಟಯರನ್ನು ಹಾಕಿಕೊಳ್ಳುವವರು ಅಮೆರಿಕದಲ್ಲಿ ಇದ್ದಾರೆ. ಅವರ ಧೈರ್ಯವನ್ನು ಮೆಚ್ಚಬಹುದೇ ಹೊರತು ವಿವೇಚನೆಯನ್ನಲ್ಲ.

ಪಕ್ಕಗಾಡಿಯನ್ನು ಜೋಡಿಸಿದೊಡನೆ ಬಂಡಿಯ ಜಾತಿಯೇ ಬದಲಾಗುತ್ತದೆ. ಮೂರು ಗಾಲಿಗಳು ಒಂದೇ ಚೌಕಟ್ಟಿಗೆ ಬಿಗಿದಿರುವುದರಿಂದ ಅದು ವಾಲಲಾರದು. ತಿರುವಿನಲ್ಲಿ ಅದು ಚಕ್ಕಡಿಯಂತೆ, ಕಾರಿನಂತೆ, ನೆಟ್ಟಗೆ ನಿಂತೇ ತಿರುಗುತ್ತದೆ. ಆಗ ಗುಂಡು ಟಯರಿನ ನಡುವಿನ ಒಂದು ಕಿರುಪಟ್ಟಿ ಮಾತ್ರ ಸದಾ ನೆಲವನ್ನು ಮುಟ್ಟುತ್ತಿದ್ದು ಸವೆಯುತ್ತ ಹೋಗಿ, ಕೆಲವು ಸಾವಿರ ಕಿಲೋಮೀಟರುಗಳೊಳಗೆ ಟಯರಿನ ನೆತ್ತಿ ತಾನಾಗಿಯೇ ಚಪ್ಪಟೆಯಾಗುತ್ತದೆ. ಪಕ್ಕಗಳಲ್ಲಿ ರಬ್ಬರು ಹೊಸದರಂತೆಯೇ ಉಳಿದಿರುತ್ತದೆ. ಬಂಡಿಯು ತನಗೆ ಯಾವ ಆಕಾರದ ಟಯರು ಬೇಕೆಂಬುದನ್ನು ತಾನೇ ಕೆತ್ತಿ ತೋರಿಸುತ್ತದೆ ಎಂದರೆ ತಪ್ಪಾಗದು.

ಇಲ್ಲಿ ಬಹುಜನರಲ್ಲಿರುವ ಒಂದು ತಪ್ಪು ಕಲ್ಪನೆಯನ್ನು ನಿವಾರಿಸುವುದು ಅವಶ್ಯ. ಅಗಲವಾದ ಟಯರು ನೆಲವನ್ನು ಹೆಚ್ಚು ವಿಸ್ತೀರ್ಣದಲ್ಲಿ ಮುಟ್ಟುತ್ತದೆ, ಆದ್ದರಿಂದ ಹೆಚ್ಚು ಹಿಡಿತವನ್ನು ಕೊಡುತ್ತದೆ ಎಂದು ಸಾಮಾನ್ಯವಾಗಿ ಹೇಳುವುದುಂಟು. ಗಾಳಿ ತುಂಬಿದ ಟಯರಿನ ಸ್ಪರ್ಶಕ್ಷೇತ್ರವು ಮುಖ್ಯವಾಗಿ ಭಾರವನ್ನು ಒಳಗಿನ ಗಾಳಿಯ ಒತ್ತಡದಿಂದ ಭಾಗಿಸಿದಷ್ಟಿರುತ್ತದೆ. ಗಾಲಿಯ ಮೇಲೆ 200 ಕಿಲೋಗ್ರಾಂ ಭಾರವೂ, ಒಳಗೆ ಚದರ ಸೆಂಟಿಮೀಟರಿಗೆ 2 ಕಿಲೋಗ್ರಾಂ ಒತ್ತಡವೂ ಇದ್ದಲ್ಲಿ ಟಯರು ಯಾವುದೇ ಆಗಿರಲಿ, ಸುಮಾರು 100 ಚದರ ಸೆಂಟಿಮೀಟರು ನೆಲವನ್ನು ಮುಟ್ಟುತ್ತದೆ. ಬದಲಾಗುವುದು ಆ ಕ್ಷೇತ್ರದ ಆಕಾರ. ಗುಂಡು ಟಯರಿನದು ಉದ್ದವಾದ, ಕಿರಿದಾದ ಅಂಡಾಕೃತಿ. ಕಾರಿನದು ಗಿಡ್ಡವಾದ, ಅಗಲವಾದ ಆಯತ. ಕಾರಿನ ಟಯರಿನ ನಿಜವಾದ ಲಾಭ ಬೇರೆಡೆಯಿದೆ. ಅದು ಹೆಚ್ಚು ಭಾರವನ್ನು ಹೊರಬಲ್ಲದು. ಆದ್ದರಿಂದ ಅದರೊಳಗೆ ಕಡಿಮೆ ಒತ್ತಡವನ್ನು ಇಡಬಹುದು. ಸವೆಯಲು ಅದರಲ್ಲಿ ಹೆಚ್ಚು ರಬ್ಬರಿದೆ. ಬುಲೆಟ್ಟಿನ 3.25-19 ಅಳತೆಯ ಟಯರಿಗೆ ನಿಗದಿಯಾದ ಗರಿಷ್ಠ ಭಾರ 212 ಕಿಲೋಗ್ರಾಂ. ಮಾರುತಿ 800 ಕಾರಿನ 145/70 ಆರ್ 12 ಅಳತೆಯ ಟಯರಿನದು 325 ಕಿಲೋಗ್ರಾಂ. ಸವಾರ, ಹಿಂಬದಿಯ ಸವಾರ, ಪಕ್ಕಗಾಡಿಯ ಭಾರದ ಒಂದು ಪಾಲು ಇವೆಲ್ಲ ಬೀಳುವ ಹಿಂದಿನ ಗಾಲಿಗೆ ಈ ಅಂತರ ಅಲ್ಪವಾದುದಲ್ಲ.

ವಾಲದ ಗಾಲಿ ಮತ್ತೊಂದು ದಂಡವನ್ನೂ ತೆರಬೇಕಾಗುತ್ತದೆ. ಹಿಂದಿನ ಗಾಲಿಯ ಮೇಲೆ 180 ಕಿಲೋಗ್ರಾಂ ಇದೆಯೆಂದುಕೊಳ್ಳೋಣ. ಮೇಲೆ ಹೇಳಿದ ತಿರುವಿನಲ್ಲಿ ಅದರ ಬುಡವನ್ನು ನೆಲವು ಪಕ್ಕಕ್ಕೆ ಒತ್ತುವ ಬಲ ಸುಮಾರು 600 ನ್ಯೂಟನ್, ಎಂದರೆ 61 ಕಿಲೋಗ್ರಾಂ ತೂಕದಷ್ಟು. ಇದು ಗಾಲಿಯ ತ್ರಿಜ್ಯದಷ್ಟು ದೂರದಿಂದ ಗುಂಬವನ್ನು ಸನ್ನೆಗೋಲಿನಂತೆ ತಿರುಚುತ್ತದೆ. ವಾಲುವ ಬಂಡಿಯ ಕಡ್ಡಿಗಳಿಗೆ ಈ ಬಗೆಯ ತಿರುಚಿನ ಅಭ್ಯಾಸವಿಲ್ಲ. ಪಕ್ಕಗಾಡಿಯ ಬಂಡಿಗಳಲ್ಲಿ ಕಡ್ಡಿ ಮುರಿಯುವುದು ಹೆಚ್ಚೆಂಬ ಸವಾರರ ದೂರಿಗೆ ಕಾರಣವಿದೇ. ಮರದ ಗಾಲಿಯನ್ನು ಮಾಡುವ ಬಡಿಗನು ಆರೆಗಳನ್ನು ಒಂದೇ ಸಮತಲದಲ್ಲಿ ಕೂಡಿಸದೆ ತುಸು ಬಟ್ಟಲಿನಂತೆ ಹೊರಕ್ಕೆ ಬಾಗಿಸುವ ಪದ್ಧತಿ ಅನೇಕ ದೇಶಗಳಲ್ಲಿದೆ. ಎತ್ತುಗಳು ಹೆಜ್ಜೆಯಿಡುವಾಗ ಗಾಡಿ ಪಕ್ಕದಿಂದ ಪಕ್ಕಕ್ಕೆ ಹೊಯ್ದಾಡುತ್ತದೆ. ಆ ಒತ್ತನ್ನು ತಡೆಯುವುದಕ್ಕಾಗಿ ಈ ಬಾಗು. ವಾಲದ ಗಾಲಿಗೆ ಪಕ್ಕದ ಒತ್ತು ತಪ್ಪಿದ್ದಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಈ ಸಂದರ್ಭದಲ್ಲಿ ಒಂದು ಚಾರಿತ್ರಿಕ ಸಂಗತಿಯನ್ನು ನೆನೆಯಬಹುದು. ಬಳಕೆಗೆ ಬಂದ ಮೊದಲ ಗಾಳಿಯ ಟಯರು ಹುಟ್ಟಿದುದೇ ಮೂರು ಗಾಲಿಯ ಬಂಡಿಗಾಗಿ. ಬೆಲ್‌ಫಾಸ್ಟಿನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಅದನ್ನು ರೂಪಿಸಿದುದು ತನ್ನ ಎಳೆಯ ಮಗನ ತ್ರಿಚಕ್ರಕ್ಕೆ. ಪೇಟೆಂಟು ಪಡೆದುದು 1888ರಲ್ಲಿ. ದನಗಳ ವೈದ್ಯನ ಶೋಧನೆ ಮುಂದೆ ನಮ್ಮ ಎತ್ತುಗಳ ಹೆಗಲಿನ ಭಾರವನ್ನು ಇಳಿಸಿದುದು ಆಕಸ್ಮಿಕವಾದರೂ ಸೊಗಸಾದ ಸಂಗತಿ. ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟಿನ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು 1970ರ ದಶಕದಲ್ಲಿ ಎತ್ತಿನ ಗಾಡಿಯ ಸುಧಾರಣೆಯನ್ನೇ ಗಂಭೀರವಾದ ಅಧ್ಯಯನದ ವಿಷಯವನ್ನಾಗಿ ಮಾಡಿಕೊಂಡಾಗ ಅದನ್ನು ಹಾಸ್ಯ ಮಾಡಿದವರೂ ಇದ್ದಿರಬಹುದು. ಗಾಲಿಯ ವಿಷಯದಲ್ಲಿ ಹಳೆಯದು ಹೊಸದು ಎಂಬ ಭೇದಕ್ಕೆ ಹೆಚ್ಚಿನ ಅರ್ಥವಿಲ್ಲ.

ಹಳಿಯ ಬಿಗಿತ, ತಂತಿಯ ಬಿಗಿತ

ಇದುವರೆಗಿನ ವಾದವೆಲ್ಲ ಕಾರಿನ ಟಯರಿನ ಪರವಾಗಿದೆ. ತೊಡಕು ಇರುವುದು ಟಯರು ನೆಲವನ್ನು ಮುಟ್ಟುವಲ್ಲಿ ಅಲ್ಲ, ರಿಮ್ಮನ್ನು ಮುಟ್ಟುವಲ್ಲಿ.

ಚಕ್ಕಡಿಯ ಮರದ ಗಾಲಿಗೆ ಹಳಿ ಹಾಕುವುದನ್ನು ನೋಡಿದ ವಿದ್ಯಾರ್ಥಿಗೆ ಈ ಭಾಗ ಸುಲಭವಾಗಿ ಅರ್ಥವಾಗುತ್ತದೆ. ಕಮ್ಮಾರನು ಗಾಲಿಯ ಪರಿಧಿಗಿಂತ ಸ್ವಲ್ಪ ಗಿಡ್ಡವಾಗಿ ಹಳಿಯನ್ನು ಬೆಸೆದು, ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದ ಹಳಿಯನ್ನು ಇಕ್ಕುಳಗಳಿಂದ ಎತ್ತಿ ಗಾಲಿಗೆ ತೊಡಿಸಿ, ಮರ ಹೊತ್ತಿಕೊಳ್ಳುವ ಮುನ್ನವೇ ನೀರು ಸುರಿಯುತ್ತಾನೆ. ಹಳಿ ಕುಗ್ಗಿ, ಆರೆ ಗುಂಬಗಳ ಸಂದುಗಳೆಲ್ಲ ಕಟಕಟನೆ ಬಿಗಿದುಕೊಳ್ಳುತ್ತವೆ. ಕಬ್ಬಿಣವು ಪ್ರತಿ ಡಿಗ್ರಿಗೆ ತನ್ನ ಉದ್ದದ ಹತ್ತು ಲಕ್ಷದಲ್ಲಿ 12 ಪಾಲಿನಷ್ಟು ಹಿಗ್ಗುವುದರಿಂದ, ಒಂದೂವರೆ ಮೀಟರ್ ವ್ಯಾಸದ ಗಾಲಿಯ ಹಳಿ 500 ಡಿಗ್ರಿಗಳಷ್ಟು ಕಾದಾಗ ಪರಿಧಿಯಲ್ಲಿ ಸುಮಾರು 28 ಮಿಲಿಮೀಟರ್ ಹಿಗ್ಗುತ್ತದೆ. ಕಮ್ಮಾರನ ಕೈಯಲ್ಲಿರುವ ಅವಕಾಶ ಅಷ್ಟು. ಹಳಿ ಅತಿ ಗಿಡ್ಡವಾದರೆ ಆರೆಗಳು ಬಾಗುತ್ತವೆ. ಉದ್ದವಾದರೆ ಬೇಸಿಗೆಯಲ್ಲಿ ಮರ ಒಣಗಿ ಹಳಿ ಕಳಚುತ್ತದೆ. ಗಾಲಿಯ ಬಾಳೆಲ್ಲ ಈ ಬಿಗಿತದ ಅಳತೆಯಲ್ಲಿದೆ.

ಟಯರಿನ ವಿಷಯವೂ ಹಾಗೆಯೇ. ಟಯರಿನ ಎರಡು ಒಳ ಅಂಚುಗಳಲ್ಲಿಯೂ ರಬ್ಬರಿನೊಳಗೆ ಉಕ್ಕಿನ ತಂತಿಯ ಸುರುಳಿ ಅಡಗಿದೆ. ಮೆಕ್ಯಾನಿಕರು ಇದನ್ನು ಬೀಡ್ ಎನ್ನುತ್ತಾರೆ. ನಾವು ತಂತಿಕಟ್ಟು ಎನ್ನೋಣ. ಈ ತಂತಿ ಹಿಗ್ಗುವುದಿಲ್ಲ, ಹಿಗ್ಗಬಾರದು. ಹಿಗ್ಗದ ಬಳೆಯನ್ನು ಅದಕ್ಕಿಂತ ದೊಡ್ಡದಾದ ರಿಮ್ಮಿನ ಅಂಚಿನ ಮೇಲಿಂದ ದಾಟಿಸುವುದು ಹೇಗೆ? ಇಂಗ್ಲೆಂಡಿನ ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್ 1890ರಲ್ಲಿ ಇದಕ್ಕೆ ಉತ್ತರವನ್ನು ಕಂಡುಕೊಂಡನು. ರಿಮ್ಮಿನ ನಡುವೆ ಒಂದು ತಗ್ಗನ್ನು ಮಾಡಿ, ತಂತಿಕಟ್ಟಿನ ಒಂದು ಪಕ್ಕವನ್ನು ಅದರೊಳಕ್ಕೆ ಇಳಿಸಿದರೆ ಎದುರಿನ ಪಕ್ಕ ಅಂಚನ್ನು ಹಾರಿ ಒಳಕ್ಕೆ ಬರುತ್ತದೆ. ಬಳಿಕ ಗಾಳಿ ತುಂಬಿದಾಗ ಎರಡೂ ಕಟ್ಟುಗಳು ಹೊರಕ್ಕೆ ಸರಿದು, ತುಸು ಓರೆಯಾದ ತಮ್ಮ ಪೀಠಗಳನ್ನು ಏರಿ, ಠಣ್ಣನೆ ಸದ್ದುಮಾಡಿ ಕೂಡುತ್ತವೆ. ತಂತಿಗೂ ಪೀಠಕ್ಕೂ ನಡುವಣ ತೆಳುವಾದ ರಬ್ಬರು ಎಷ್ಟು ಅದುಮಿಕೊಂಡಿದೆಯೋ ಅಷ್ಟೇ ಟಯರಿಗೂ ರಿಮ್ಮಿಗೂ ಇರುವ ನಂಟು. ಕಮ್ಮಾರನಿಗೆ 28 ಮಿಲಿಮೀಟರಿನ ಅವಕಾಶವಿದ್ದರೆ ಇಲ್ಲಿ ವ್ಯಾಸದಲ್ಲಿ ಅರ್ಧ ಮಿಲಿಮೀಟರು ಹೆಚ್ಚುಕಡಿಮೆಯಾದರೂ ಲೆಕ್ಕಕ್ಕೆ ಬರುತ್ತದೆ. ಕಾಯಿಸಿ ಹಿಗ್ಗಿಸುವ ಉಪಾಯವಂತೂ ಇಲ್ಲವೇ ಇಲ್ಲ.

ಕಾರಿನ ರಿಮ್ಮಿನ ಮೇಲೆ ಜೆ ಎಂಬ ಅಕ್ಷರವನ್ನು ಕಾಣುತ್ತೇವೆ. ಅದು ಅಂಚಿನ ಆಕಾರದ ಸಂಕೇತ. ಆ ಅಂಚಿನ ಎತ್ತರ ಸುಮಾರು 17 ಮಿಲಿಮೀಟರು. ಇಂದಿನ ದೊಡ್ಡ ಮೋಟಾರ್ ಸೈಕಲ್ಲುಗಳ ರಿಮ್ಮಿನ ಮೇಲೆ ಎಂ.ಟಿ. ಎಂದು ಬರೆದಿರುತ್ತದೆ. ಅದರ ಅಂಚು ಗಿಡ್ಡ. ಪೀಠದಿಂದ ಅಂಚಿಗೆ ತಿರುಗುವ ಬಾಗು ಬೇರೆ. ಕಟ್ಟು ಒಳಕ್ಕೆ ಜಾರದಂತೆ ತಡೆಯುವ ಉಬ್ಬಿನ ರೂಪವೂ ಬೇರೆ. ಅಂಗುಲಗಳಲ್ಲಿ ಬರೆದ ವ್ಯಾಸ ಒಂದೇ ಆಗಿರಬಹುದು. ಆದರೆ ಅದು ಹೆಸರಿಗೆ ಮಾತ್ರದ ವ್ಯಾಸ. ಎರಡು ಬೇರೆ ಮಂಡಲಿಗಳು ಎರಡು ಬೇರೆ ಕಾಲಗಳಲ್ಲಿ ಗೊತ್ತುಮಾಡಿದ ಪೀಠಗಳು ಒಂದಕ್ಕೊಂದು ಹೊಂದುತ್ತವೆಂದು ನಂಬಲು ಆಧಾರವಿಲ್ಲ. ಪೀಠವು ಟಯರಿಗಿಂತ ತುಸು ದೊಡ್ಡದಾದರೆ ಕಟ್ಟು ಏರುವುದೇ ಇಲ್ಲ. ಚಿಕ್ಕದಾದರೆ ಸುಲಭವಾಗಿ ಏರುತ್ತದೆ, ಅಷ್ಟೇ ಸುಲಭವಾಗಿ ತಿರುವಿನಲ್ಲಿ ಇಳಿದುಬಿಡುತ್ತದೆ. ಮೊದಲನೆಯದು ಅಂಗಡಿಯಲ್ಲಿಯೇ ಗೊತ್ತಾಗುತ್ತದೆ, ಎರಡನೆಯದು ರಸ್ತೆಯಲ್ಲಿ.

ಮೊದಲನೆಯದರ ಅಪಾಯವೂ ಚಿಕ್ಕದಲ್ಲ. ಕಟ್ಟು ಏರದಿದ್ದಾಗ ಗಾಳಿಯನ್ನು ಹೆಚ್ಚಿಸುತ್ತ ಹೋಗುವುದು ಎಲ್ಲ ಅಂಗಡಿಗಳ ರೂಢಿ. ಇಪ್ಪತ್ತು ಲೀಟರು ಒಳಗಾತ್ರದ ಟಯರಿನಲ್ಲಿ ವಾಯುಮಂಡಲದ ನಾಲ್ಕು ಪಟ್ಟು ಹೆಚ್ಚುವರಿ ಒತ್ತಡವಿದ್ದಾಗ ತಂತಿ ಹರಿದರೆ ಬಿಡುಗಡೆಯಾಗುವ ಶಕ್ತಿಯನ್ನು ಗಣಿಸಿದರೆ ಸುಮಾರು 5000 ಜೌಲು ಬರುತ್ತದೆ. ಒಂದು ಕ್ವಿಂಟಲ್ ಜೋಳದ ಚೀಲ ಐದು ಮೀಟರ್ ಎತ್ತರದಿಂದ ಬಿದ್ದ ಪೆಟ್ಟಿಗೆ ಇದು ಸಮ. ಬಗ್ಗಿ ನಿಂತು ಗಾಳಿ ತುಂಬುತ್ತಿರುವ ಹುಡುಗನ ಮುಖಕ್ಕೂ ಆ ಟಯರಿಗೂ ಇರುವ ಅಂತರ ಸಾಮಾನ್ಯವಾಗಿ ಒಂದು ಮೊಳ. ಅವನು ಈ ಲೆಕ್ಕವನ್ನು ಓದಿದವನಲ್ಲ. ಓದಿದವರು ಅಲ್ಲಿ ನಿಲ್ಲುವುದಿಲ್ಲ.

ನಮ್ಮ ದೇಶದ ಹಳೆಯ ಮೋಟಾರ್ ಸೈಕಲ್ಲುಗಳಲ್ಲಿ ಮಾತು ಇನ್ನೂ ಸರಳ. ಅವುಗಳ ಕಡ್ಡಿಗಾಲಿಗಳಲ್ಲಿ ಇರುವುದು ಡಬ್ಲ್ಯು.ಎಂ. ವರ್ಗದ ರಿಮ್ಮುಗಳು. ಡಬ್ಲ್ಯು.ಎಂ. 1ರ ಒಳ ಅಗಲ 1.60 ಅಂಗುಲ, 2ರದು 1.85, 3ರದು 2.15. ಮೇಲೆ ಹೇಳಿದ ಮಾರುತಿಯ ಟಯರಿಗೆ 4 ಅಂಗುಲ ಅಗಲದ ರಿಮ್ಮು ಬೇಕು. ಅಗಲದಲ್ಲಿ ಸುಮಾರು ಅರ್ಧದಷ್ಟೇ ಇರುವ ರಿಮ್ಮಿನೊಳಗೆ ಅದರ ಎರಡೂ ಕಟ್ಟುಗಳನ್ನು ಒತ್ತಾಗಿ ತುರುಕಿದರೆ ಟಯರು ಬೆನ್ನುಬ್ಬಿ ಗುಂಡಾಗುತ್ತದೆ. ಯಾವ ಚಪ್ಪಟೆತನಕ್ಕಾಗಿ ಅದನ್ನು ತಂದೆವೋ ಅದೇ ನಷ್ಟವಾಗುತ್ತದೆ. ವ್ಯಾಸದಲ್ಲಿಯೂ ಹೊಂದಿಕೆ ಕಷ್ಟ. ಬುಲೆಟ್ಟಿನ ಪ್ರಸಿದ್ಧ ಮಾದರಿಗಳದು 19 ಅಂಗುಲದ ಗಾಲಿ. 1930ರ ಸುಮಾರಿನಲ್ಲಿ ಫೋರ್ಡ್ ಎ ಮಾದರಿಯ ಕಾರಿಗೆ 4.75-19 ಅಳತೆಯ ಟಯರಿತ್ತು, ಅಂದಿನ ಕಾರು ಮೋಟಾರ್ ಸೈಕಲ್ಲುಗಳ ಗಾಲಿಗಳು ಅಣ್ಣತಮ್ಮಂದಿರಂತಿದ್ದವು. ಇಂದು 19 ಅಂಗುಲದ ಟಯರುಗಳಿರುವುದು ಹೆಚ್ಚಾಗಿ ಭಾರಿ ಕಾರುಗಳಿಗೆ; ಅವುಗಳ ಅಗಲ ಸಾಮಾನ್ಯವಾಗಿ ಬುಲೆಟ್ಟಿನ ಟಯರಿನ ಎರಡೂವರೆ ಪಟ್ಟಿಗೂ ಮಿಗಿಲು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ 1996ರವರೆಗೆ ಬಂಡಿಗಳನ್ನು ತಯಾರಿಸಿತು. ಅದರ ಮೊದಲ ಜಾವಾಗಳದು 16 ಅಂಗುಲದ ಗಾಲಿ. ಜೀಪಿನ 6.00-16 ಟಯರಿನ ಮೇಲೂ ಅದೇ 16ರ ಅಂಕಿಯಿರುವುದರಿಂದ ಆಶೆ ಹುಟ್ಟುವುದು ಸಹಜ. ಜೀಪಿನ ರಿಮ್ಮಿನ ಅಗಲ ನಾಲ್ಕೂವರೆ ಅಂಗುಲವೆಂಬುದನ್ನು ತಿಳಿದಾಗ ಆ ಆಶೆ ಆರಿಹೋಗುತ್ತದೆ.

ಗಾಲಿಯನ್ನೇ ಬದಲಿಸುವುದು

ಹಾಗಾದರೆ ಚಕ್ಕಡಿಯಲ್ಲಿ ಈ ಪ್ರಯೋಗ ಸಫಲವಾದುದು ಹೇಗೆ? ಚಕ್ಕಡಿ ಕಟ್ಟುವವನು ಮೋಟಾರಿನ ಟಯರನ್ನು ಮರದ ಗಾಲಿಗೆ ಏರಿಸಲು ಎಂದೂ ಹೋಗಲಿಲ್ಲ. ಟಯರನ್ನು ಅದರ ರಿಮ್ಮಿನೊಡನೆ, ಸಾಧ್ಯವಾದರೆ ಗುಂಬ ಬೇರಿಂಗುಗಳೊಡನೆ ತಂದು, ಹೊಂದಿಸುವ ಕೆಲಸವನ್ನೆಲ್ಲ ಅಚ್ಚಿನಲ್ಲಿ ಮಾಡಿಕೊಂಡನು. ಟಯರಿಗೂ ರಿಮ್ಮಿಗೂ ಇರುವ ಸಂಬಂಧವನ್ನು ಕಾರ್ಖಾನೆಯು ಕೂದಲೆಳೆಯ ಸೂಕ್ಷ್ಮದಲ್ಲಿ ಏರ್ಪಡಿಸಿದೆ, ಅದನ್ನು ಕೆದಕತಕ್ಕದ್ದಲ್ಲ. ಅಚ್ಚಿಗೂ ಗುಂಬಕ್ಕೂ ಇರುವ ಸಂಬಂಧ ಲೇತು, ಬೆಸುಗೆ, ಬೋಲ್ಟುಗಳಿಂದ ಊರಿನ ಕಾರ್ಯಾಗಾರದಲ್ಲಿಯೇ ಸರಿಪಡಿಸಬಹುದಾದದ್ದು. ತಿದ್ದಬಹುದಾದ ಕಡೆ ತಿದ್ದಿ, ತಿದ್ದಬಾರದ ಕಡೆ ಕೈಬಿಟ್ಟ ಈ ವಿವೇಕವನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ.

ಯುರೋಪಿನ ಪಕ್ಕಗಾಡಿಯ ನಿರ್ಮಾಪಕರು ಬಂದು ನಿಂತದ್ದೂ ಇಲ್ಲಿಗೇ. ಫ್ರಾನ್ಸಿನ ಸಿಟ್ರೊಯೆನ್ 2 ಸಿ.ವಿ. ಎಂಬ ಕಾರಿನ 125-15 ಅಳತೆಯ ಟಯರು ಕಿರಿದಾಗಿಯೂ ಚಪ್ಪಟೆಯಾಗಿಯೂ ಇದ್ದುದರಿಂದ ಅವರಿಗೆ ಅದು ಬಹಳ ಹಿಡಿಸಿತು. ಆದರೆ ಒಳ್ಳೆಯ ನಿರ್ಮಾಪಕರು ಅದನ್ನು ಮೋಟಾರ್ ಸೈಕಲ್ಲಿನ ರಿಮ್ಮಿಗೆ ಏರಿಸದೆ, ಕಾರಿನ ರಿಮ್ಮನ್ನೇ ತಂದು ಮೋಟಾರ್ ಸೈಕಲ್ಲಿನ ಗುಂಬಕ್ಕೆ ನಡುವೆ ಒಂದು ಲೋಹದ ತಟ್ಟೆಯಿಟ್ಟು ಕೂಡಿಸಿದರು. ಇನ್ನೂ ಹಿಂದೆ, ಎರಡನೆಯ ಮಹಾಯುದ್ಧದ ಕಾಲದಲ್ಲಿ, ಜರ್ಮನಿಯ ಬಿ.ಎಂ.ಡಬ್ಲ್ಯು. ಆರ್ 75 ಎಂಬ ಸೈನ್ಯದ ಪಕ್ಕಗಾಡಿ ಬಂಡಿಯ ಮೂರೂ ಗಾಲಿಗಳಿಗೆ 4.50-16 ಅಳತೆಯ ಒಂದೇ ಬಗೆಯ ದಪ್ಪ ಟಯರನ್ನು ವಿಧಿಸಿದ್ದರು. ಪಕ್ಕಗಾಡಿಯ ಗಾಲಿಗೂ ಎಂಜಿನಿನ ಚಾಲನೆ ತಲುಪುತ್ತಿತ್ತು. ಅಲ್ಲಿ ಬಂಡಿಯನ್ನು ಮೊದಲಿನಿಂದಲೇ ವಾಲದ ಬಂಡಿಯೆಂದು ಕಲ್ಪಿಸಲಾಗಿತ್ತು.

ನಮ್ಮ ಬೀದಿಗಳಲ್ಲಿಯೇ ಇದಕ್ಕೆ ನಿದರ್ಶನವುಂಟು. ಆಟೋರಿಕ್ಷಾ ವಂಶದಿಂದ ಸ್ಕೂಟರಿನ ಸಂತಾನ. ಆದರೆ ಮೂರನೆಯ ಗಾಲಿ ಬಂದು ವಾಲುವುದು ನಿಂತೊಡನೆ ಅದರ ನಿರ್ಮಾಪಕರು ಸ್ಕೂಟರಿನ ಟಯರನ್ನು ಬಿಟ್ಟು, ಹೆಚ್ಚು ಪದರಗಳುಳ್ಳ ಚಪ್ಪಟೆ ನೆತ್ತಿಯ 4.00-8 ಟಯರನ್ನು ಅದಕ್ಕೆ ತಕ್ಕ ರಿಮ್ಮಿನೊಡನೆ ತೆಗೆದುಕೊಂಡರು. ಇವೆರಡರ ರಿಮ್ಮುಗಳೂ ಎರಡು ಹೋಳಾಗಿದ್ದು ಬೋಲ್ಟುಗಳಿಂದ ಕೂಡಿರುತ್ತವೆ. ಕಟ್ಟನ್ನು ಅಂಚಿನ ಮೇಲೆ ಎಳೆಯುವ ಪ್ರಶ್ನೆಯೇ ಇಲ್ಲಿಲ್ಲ. ಗಾಳಿ ಬಿಡದೆ ಆ ಬೋಲ್ಟುಗಳನ್ನು ಸಡಿಲಿಸಬಾರದೆಂಬುದನ್ನು ಮಾತ್ರ ನೆನಪಿನಲ್ಲಿಡತಕ್ಕದ್ದು. ಅಂಗವಿಕಲರಿಗಾಗಿ ಸ್ಕೂಟರಿನ ಎರಡೂ ಪಕ್ಕಗಳಲ್ಲಿ ಗಾಲಿ ಜೋಡಿಸಿಕೊಡುವ ಪದ್ಧತಿ ಈಗ ನಮ್ಮ ರಾಜ್ಯದಲ್ಲಿ ಸಾಕಷ್ಟು ಬಳಕೆಗೆ ಬಂದಿದೆ. ಆ ವಾಹನಗಳೂ ವಾಲವು. ಅವುಗಳ ಹಿಂದಿನ ಟಯರಿನ ನೆತ್ತಿ ಸವೆದು ಚಪ್ಪಟೆಯಾಗಿರುವುದನ್ನು ಕಂಡಾಗ ಟಯರಿನ ತಯಾರಕನನ್ನು ದೂರುವುದಕ್ಕೆ ಮುಂಚೆ ಮೇಲಣ ವಾದವನ್ನು ನೆನೆಯುವುದು ನ್ಯಾಯ.

ಗಾಲಿಯನ್ನೇ ಬದಲಿಸಿದಾಗಲೂ ಹೊಸ ಲೆಕ್ಕಗಳು ಏಳುತ್ತವೆ. ಬುಲೆಟ್ಟಿನ 3.25-19 ಟಯರಿನ ಹೊರ ವ್ಯಾಸ ಸುಮಾರು 648 ಮಿಲಿಮೀಟರು, ಮಾರುತಿಯದು 508. ಎಂಜಿನು ಅಷ್ಟೇ ಸುತ್ತು ತಿರುಗಿದರೂ ಬಂಡಿ ಹಿಂದೆ ಗಂಟೆಗೆ 40 ಕಿಲೋಮೀಟರು ಹೋಗುತ್ತಿದ್ದಲ್ಲಿ ಈಗ 31 ಹೋಗುತ್ತದೆ. ಎಳೆಯುವ ಬಲ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಪಕ್ಕಗಾಡಿಯನ್ನು ಎಳೆಯುವ ಬಂಡಿಗೆ ಹೇಗೂ ಹಲ್ಲುಚಕ್ರವನ್ನು ಬದಲಿಸಿ ವೇಗವನ್ನು ತಗ್ಗಿಸುವುದುಂಟಾದ್ದರಿಂದ ಇದು ಅನುಕೂಲವೇ. ಪಕ್ಕದಿಂದ ಗುಂಬವನ್ನು ತಿರುಚುವ ಸನ್ನೆಯೂ ಗಿಡ್ಡವಾಗುತ್ತದೆ. ಆದರೆ ಹಿಂಭಾಗ 7 ಸೆಂಟಿಮೀಟರು ತಗ್ಗುತ್ತದೆ. ಗಾಲಿಗಳ ನಡುವಣ ಅಂತರ 1370 ಮಿಲಿಮೀಟರಿರುವಲ್ಲಿ ಇದರಿಂದ ಮುಂದಿನ ಫೋರ್ಕು ಸುಮಾರು 3 ಡಿಗ್ರಿಗಳಷ್ಟು ಹಿಂದಕ್ಕೆ ಮಲಗಿ, ಮೊದಲೇ ಭಾರವಾದ ಹ್ಯಾಂಡಲು ಮತ್ತಷ್ಟು ಭಾರವಾಗುತ್ತದೆ. ಎರೆಯ ದಾರಿಗಳಲ್ಲಿ ಮಳೆಗಾಲ ಕಳೆದ ಮೇಲೆ ಗಾಡಿಜಾಡುಗಳು ಕಲ್ಲಿನಂತೆ ಗಟ್ಟಿಯಾಗಿ ನಿಲ್ಲುತ್ತವೆ. ಅಂಥಲ್ಲಿ 7 ಸೆಂಟಿಮೀಟರಿನ ಎತ್ತರ ಕಳೆದುಕೊಳ್ಳುವುದು ಸಣ್ಣ ಮಾತಲ್ಲ. ಮರದ ದೊಡ್ಡ ಗಾಲಿ ಕೆಸರಿನಲ್ಲಿ ತನ್ನ ಗೌರವವನ್ನು ಇನ್ನೂ ಉಳಿಸಿಕೊಂಡಿರುವುದು ಈ ವ್ಯಾಸದ ಬಲದಿಂದಲೇ. ಇನ್ನು ಅಗಲ: 82 ಮಿಲಿಮೀಟರಿದ್ದ ಟಯರಿನ ಜಾಗಕ್ಕೆ 145ರದು ಬಂದಾಗ ಎರಡು ಪಕ್ಕಗಳಲ್ಲಿಯೂ ಮೂರು ಸೆಂಟಿಮೀಟರಿಗೆ ಮೀರಿ ಉಬ್ಬುತ್ತದೆ. ಒಂದು ಪಕ್ಕದಲ್ಲಿ ಸರಪಳಿ, ಇನ್ನೊಂದು ಪಕ್ಕದಲ್ಲಿ ಚೌಕಟ್ಟಿನ ಕೊಳವೆ. ಬಹು ಪ್ರಯೋಗಗಳು ಮುರಿದುಬೀಳುವುದು ಈ ಇಕ್ಕಟ್ಟಿನಲ್ಲಿಯೇ. ಪಕ್ಕಗಾಡಿಯ ಸ್ವಂತ ಗಾಲಿಗೆ ಇಂಥ ಇಕ್ಕಟ್ಟಿಲ್ಲದಿರುವುದರಿಂದ ಮೊದಲು ಅಲ್ಲಿಂದ ಆರಂಭಿಸುವುದು ಲೇಸು.

ಕಾನೂನಿನ ಮಾತನ್ನೂ ಮರೆಯಬಾರದು. 1988ರ ಮೋಟಾರು ವಾಹನಗಳ ಅಧಿನಿಯಮದ 52ನೆಯ ಪ್ರಕರಣವು ನೋಂದಣಿಯಲ್ಲಿ ಕಾಣಿಸಿದ ವಿವರಗಳು ತಯಾರಕನ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 95ನೆಯದು ಟಯರಿನ ಅಳತೆ, ಪದರಸಂಖ್ಯೆಗಳನ್ನು ಕುರಿತದ್ದು. ಗಾಲಿ ಬದಲಿಸುವವರು ಮೊದಲು ಸಾರಿಗೆ ಕಚೇರಿಯ ಒಪ್ಪಿಗೆ ಪಡೆಯುವುದು ಕ್ಷೇಮ. ಚಕ್ಕಡಿಗೆ ಈ ತೊಂದರೆಯಿಲ್ಲ.

ಗಾಲಿ ಕೂಡಿಸಿ ಬಂಡಿಯನ್ನು ನಿಲ್ಲಿಸಿದ ಮೇಲೆ ಪಕ್ಕಗಾಡಿಯನ್ನು ಹೊಸದಾಗಿ ಸರಿದೂಗಿಸಬೇಕು. ನಮ್ಮಲ್ಲಿ ಅದು ಎಡಪಕ್ಕದಲ್ಲಿರುತ್ತದೆ. ಅದರ ಗಾಲಿ ನೇರವಾಗಿ ಮುಂದಕ್ಕೆ ನೋಡದೆ ಮೋಟಾರ್ ಸೈಕಲ್ಲಿನ ಕಡೆಗೆ 15ರಿಂದ 20 ಮಿಲಿಮೀಟರಿನಷ್ಟು ಒಳಮುಖವಾಗಿರಬೇಕು; ಮೋಟಾರ್ ಸೈಕಲ್ಲು ಪಕ್ಕಗಾಡಿಯಿಂದ ಆಚೆಗೆ ತುಸು ಓರೆಯಾಗಿ ನಿಲ್ಲಬೇಕು. ಚಪ್ಪಟೆ ಟಯರು ಈ ಓರೆಯ ವಿಷಯದಲ್ಲಿ ಗುಂಡು ಟಯರಿನಷ್ಟು ಉದಾರವಲ್ಲ. ಓರೆ ಹೆಚ್ಚಾದರೆ ಒಂದೇ ಅಂಚು ಸವೆಯುತ್ತದೆ. ಒತ್ತಡವೂ ಹಾಗೆಯೇ. ಕಾರಿನ ಕೈಪಿಡಿಯಲ್ಲಿ ಬರೆದ ಒತ್ತಡ ಕಾರಿನ ಭಾರಕ್ಕೆ ಹೇಳಿದುದು. ಹಗುರವಾದ ಬಂಡಿಗೆ ಅಷ್ಟನ್ನೇ ತುಂಬಿದರೆ ಟಯರಿನ ನಡು ಉಬ್ಬಿ ಮತ್ತೆ ಕಿರುಪಟ್ಟಿಯ ಮೇಲೆ ಓಡುತ್ತದೆ. ಇದನ್ನು ಪರೀಕ್ಷಿಸಲು ಯಾವ ಉಪಕರಣವೂ ಬೇಡ. ಸವಾರರೆಲ್ಲ ಕುಳಿತಿರುವಾಗ ಟಯರಿನ ನೆತ್ತಿಯ ಮೇಲೆ ಅಡ್ಡಲಾಗಿ, ಅಂಚಿನಿಂದ ಅಂಚಿಗೆ, ಸುಣ್ಣದ ಕಡ್ಡಿಯಿಂದ ಒಂದು ದಪ್ಪ ಗೆರೆ ಎಳೆದು, ಗಟ್ಟಿ ನೆಲದ ಮೇಲೆ ಬಂಡಿಯನ್ನು ಹತ್ತಿಪ್ಪತ್ತು ಮೀಟರು ನೇರವಾಗಿ ನಡೆಸಬೇಕು. ಗೆರೆಯ ನಡು ಮಾತ್ರ ಅಳಿಸಿದ್ದರೆ ಗಾಳಿ ಹೆಚ್ಚು. ಅಂಚುಗಳು ಮಾತ್ರ ಅಳಿಸಿದ್ದರೆ ಕಡಿಮೆ. ಒಂದು ಪಕ್ಕವಷ್ಟೇ ಅಳಿಸಿದ್ದರೆ ಓರೆ ತಪ್ಪಿದೆ. ಗೆರೆಯು ಉದ್ದಕ್ಕೂ ಸಮನಾಗಿ ಮಾಸುವವರೆಗೆ ಸ್ವಲ್ಪಸ್ವಲ್ಪವಾಗಿ ಗಾಳಿಯನ್ನು ತಿದ್ದಿ, ಆ ಒತ್ತಡವನ್ನು ಬಂಡಿಯ ಮಡ್‌ಗಾರ್ಡಿನ ಮೇಲೆ ಬಣ್ಣದಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.